ಪಟ್ಟಿಯಲ್ಲಿ ಯಾರಿಲ್ಲ? ಬೆಂಗಳೂರಿನಲ್ಲಿ ಸಂಶೋಧನೆಗೆ ಜನರನ್ನು ಆರಿಸುವ ಬಗೆ

ಸಮೀಕ್ಷೆ ಆಧರಿಸಿದ ಯಾವ ಪ್ರಬಂಧದ ಮೂರನೆಯ ಅಧ್ಯಾಯವನ್ನು ತೆರೆದರೂ ಹೆಚ್ಚುಕಡಿಮೆ ಒಂದೇ ಬಗೆಯ ವಾಕ್ಯ ಎದುರಾಗುತ್ತದೆ: “ಬೆಂಗಳೂರು ನಗರದಿಂದ 384 ಮಾಹಿತಿದಾರರನ್ನು ಯಾದೃಚ್ಛಿಕ ಮಾದರಿ ವಿಧಾನದಿಂದ ಆಯ್ದುಕೊಳ್ಳಲಾಗಿದೆ.” ಇಷ್ಟು ಬರೆದು ಸಂಶೋಧಕರು ಕೋಷ್ಟಕಗಳಿಗೆ ಹೋಗಿಬಿಡುತ್ತಾರೆ. ಆ 384 ಮಂದಿಯನ್ನು ಯಾವ ಪಟ್ಟಿಯಿಂದ ತೆಗೆದರು, ಆ ಪಟ್ಟಿಯನ್ನು ಯಾರು ಯಾವಾಗ ಮಾಡಿದ್ದರು, ಕೇಳಲು ಹೋದಾಗ ಎಷ್ಟು ಮಂದಿ ಒಲ್ಲೆ ಎಂದರು, ಬೀಗ ಹಾಕಿದ ಮನೆಗಳನ್ನು ಏನು ಮಾಡಿದರು ಎಂಬ ಬಗ್ಗೆ ಒಂದು ಮಾತೂ ಅಲ್ಲಿರುವುದಿಲ್ಲ. ಸಮೀಕ್ಷೆಗಳ ಕ್ಷೇತ್ರಕಾರ್ಯವನ್ನು ನೋಡಿಕೊಳ್ಳುವುದು ನನ್ನ ಕೆಲಸ; ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಹಿಡಿದು ಸಲಹೆಗೆ ಬರುವ ಎಂ.ಎ., ಎಂ.ಕಾಂ., ಎಂ.ಡಿ. ವಿದ್ಯಾರ್ಥಿಗಳ ಜೊತೆ ಕುಳಿತಾಗಲೆಲ್ಲ ಮಾತು ಬಂದು ನಿಲ್ಲುವುದು ಇಲ್ಲಿಗೇ. ವಿಧಾನಗಳ ಹೆಸರು ಅವರಿಗೆ ಬಾಯಿಪಾಠ ಆಗಿರುತ್ತದೆ. ಪಟ್ಟಿ ಮಾತ್ರ ಇರುವುದಿಲ್ಲ.

ಯಾದೃಚ್ಛಿಕ ಆಯ್ಕೆ ಎಂದರೆ ಸಿಕ್ಕಿದವರನ್ನು ಕೇಳುವುದು ಎಂಬ ತಿಳಿವಳಿಕೆ ಎಷ್ಟು ಬೇರೂರಿದೆ ಎಂದರೆ, ಶನಿವಾರ ಸಂಜೆ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಮುಂದೆ ನಿಂತು ನೂರು ಜನರಿಂದ ಪ್ರಶ್ನಾವಳಿ ತುಂಬಿಸಿಕೊಂಡು ಬಂದವರೂ ಅದನ್ನು ಯಾದೃಚ್ಛಿಕವೆಂದೇ ಬರೆಯುತ್ತಾರೆ. ವಾಸ್ತವದಲ್ಲಿ ಅದು ತೀರ ಬಿಗಿಯಾದ ನಿಯಮ. ಅಧ್ಯಯನಕ್ಕೆ ಒಳಪಟ್ಟ ಸಮುದಾಯದ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಒಂದಷ್ಟು ಅವಕಾಶ ಇರಬೇಕು, ಆ ಅವಕಾಶ ಎಷ್ಟೆಂಬುದು ನಮಗೆ ಮೊದಲೇ ಗೊತ್ತಿರಬೇಕು, ಆರಿಸುವ ಹೊತ್ತಿನಲ್ಲಿ ನಮ್ಮ ಇಷ್ಟಾನಿಷ್ಟಕ್ಕೆ ಅಲ್ಲಿ ಜಾಗವಿರಬಾರದು. ಕಾಂಪ್ಲೆಕ್ಸಿನ ಮುಂದೆ ನಿಂತವರಿಗೆ, ಆ ಸಂಜೆ ಪೀಣ್ಯದಲ್ಲಿ ಎರಡನೇ ಪಾಳಿಗೆ ಹೋದ ಕಾರ್ಮಿಕರು ಸಿಗುವ ಅವಕಾಶ ಸೊನ್ನೆ. ಅಲ್ಲೇ ಹಾದುಹೋದ, ಆದರೆ ಮಾತಾಡಿಸಲು ಹಿಂಜರಿಕೆ ಹುಟ್ಟಿಸುವಂತೆ ಬಿರುಸಾಗಿ ನಡೆಯುತ್ತಿದ್ದವರ ಅವಕಾಶ ಎಷ್ಟೆಂದು ಯಾರೂ ಹೇಳಲಾರರು.

ಚೀಟಿ ಎತ್ತುವುದು ನಮಗೆ ಹೊಸದಲ್ಲ. ಆದರೆ ಚೀಟಿ ಎತ್ತಿದ ಮಾತ್ರಕ್ಕೆ ಆಯ್ಕೆ ನಿಷ್ಪಕ್ಷಪಾತವಾಗುವುದಿಲ್ಲ ಎಂಬುದಕ್ಕೆ ಅಮೆರಿಕದ ಒಂದು ಪ್ರಸಂಗವನ್ನು ನಾನು ಯಾವಾಗಲೂ ಹೇಳುತ್ತೇನೆ. ವಿಯೆಟ್ನಾಂ ಯುದ್ಧಕ್ಕೆ ಯುವಕರನ್ನು ಕರೆಸಿಕೊಳ್ಳುವ ಸರದಿಯನ್ನು ನಿರ್ಧರಿಸಲು 1969ರ ಡಿಸೆಂಬರ್ 1ರಂದು ವರ್ಷದ 366 ಜನ್ಮದಿನಾಂಕಗಳನ್ನು ಪುಟ್ಟ ಕೊಳವೆಗಳಲ್ಲಿ ಹಾಕಿ, ಒಂದೊಂದಾಗಿ ಎತ್ತಿದರು. ತಿಂಗಳ ಕ್ರಮದಲ್ಲಿ ತುಂಬಿದ್ದ ಕೊಳವೆಗಳನ್ನು ಸರಿಯಾಗಿ ಕಲಸಿರಲಿಲ್ಲ. ಹಾಗಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ಸರದಿ ಬೇಗ ಬಂತು. ಸಂಖ್ಯಾಶಾಸ್ತ್ರಜ್ಞರು ಇದನ್ನು ಲೆಕ್ಕಹಾಕಿ ತೋರಿಸಿದ ಮೇಲೆ ಮರುವರ್ಷ ವಿಧಾನವನ್ನೇ ಬದಲಿಸಬೇಕಾಯಿತು. ಇವತ್ತು ಎಕ್ಸೆಲ್‌ನಲ್ಲಿ ಒಂದು ಸೂತ್ರ ಬರೆದರೆ ಯಾದೃಚ್ಛಿಕ ಸಂಖ್ಯೆಗಳು ಸುರಿಯುತ್ತವೆ, ಆದ್ದರಿಂದ ಆ ತೊಂದರೆ ಇಲ್ಲ. ಆ ಸಂಖ್ಯೆಗಳನ್ನು ಯಾವ ಹೆಸರುಗಳಿಗೆ ಜೋಡಿಸಬೇಕು ಎಂಬುದು ಉಳಿಯುತ್ತದೆ.

ಬೆಂಗಳೂರಿನ ಮಟ್ಟಿಗೆ ಕಷ್ಟವೆಲ್ಲ ಅಲ್ಲೇ ಇದೆ. 2011ರ ಜನಗಣತಿಯ ಪ್ರಕಾರ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳಲ್ಲಿ ಸುಮಾರು 84 ಲಕ್ಷ ಜನರಿದ್ದರು. ಅನಂತರ ನಡೆಯಬೇಕಿದ್ದ 2021ರ ಗಣತಿ ಮುಂದಕ್ಕೆ ಹೋಗಿ, ಮುಂದಿನದಕ್ಕೆ 2027ರ ಮಾರ್ಚ್ 1 ಎಂಬ ದಿನಾಂಕ ಗೊತ್ತಾಯಿತು. ಅಷ್ಟರೊಳಗೆ 2025ರಲ್ಲಿ ಪಾಲಿಕೆಯೇ ಐದು ನಗರಪಾಲಿಕೆಗಳಾಗಿ ಒಡೆದು ವಾರ್ಡುಗಳ ಗಡಿಗಳೂ ಬದಲಾದವು. ಹೀಗಾಗಿ “2011ರ ಗಣತಿಯ ವಾರ್ಡುವಾರು ಜನಸಂಖ್ಯೆಗೆ ಅನುಗುಣವಾಗಿ” ಎಂದು ಬರೆಯುವ ವಿದ್ಯಾರ್ಥಿ, ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟುಗಳು ಇನ್ನೂ ತೋಪು, ಗದ್ದೆ, ಖಾಲಿ ಲೇಔಟುಗಳಾಗಿದ್ದ ಕಾಲದ ಊರಿನಿಂದ ಜನರನ್ನು ಆರಿಸುತ್ತಿರುತ್ತಾನೆ.

ಮತದಾರರ ಪಟ್ಟಿ ಸುಲಭವಾಗಿ ಸಿಗುತ್ತದೆ, ಮತಗಟ್ಟೆವಾರು ಇರುತ್ತದೆ, ವಯಸ್ಸು, ಲಿಂಗ ಎಲ್ಲ ಅದರಲ್ಲೇ ಇರುತ್ತದೆ. ಹಾಗಾಗಿ ಅನೇಕರು ಅದನ್ನೇ ಹಿಡಿಯುತ್ತಾರೆ. ಆದರೆ ಈ ಊರಿನಲ್ಲಿ ಹತ್ತು ಹದಿನೈದು ವರ್ಷದಿಂದ ಬಾಡಿಗೆಗಿದ್ದು, ಮತ ಮಾತ್ರ ಹುಟ್ಟಿದೂರಿನಲ್ಲೇ ಉಳಿಸಿಕೊಂಡವರು ಎಷ್ಟೆಂಬುದನ್ನು ಯಾವುದೇ ಚುನಾವಣೆಯ ಹಿಂದಿನ ರಾತ್ರಿ ಮೆಜೆಸ್ಟಿಕ್‌ಗೆ ಹೋಗಿ ನೋಡಿದರೆ ತಿಳಿಯುತ್ತದೆ. ಪಟ್ಟಿಯಲ್ಲಿ ಹೆಸರಿರುವವರು ಮನೆ ಬದಲಿಸಿಕೊಂಡು ಕೆಂಗೇರಿಯ ಆಚೆಗೆ ಹೋಗಿರುತ್ತಾರೆ. ಅವರು ಬಿಟ್ಟ ಮನೆಯಲ್ಲಿ ಇರುವವರ ಹೆಸರು ಪಟ್ಟಿಯಲ್ಲಿರುವುದಿಲ್ಲ. ಹಳೆಯ ಮಲ್ಲೇಶ್ವರ, ಬಸವನಗುಡಿಗಳ ಸ್ವಂತ ಮನೆಯವರನ್ನು ಅಧ್ಯಯನ ಮಾಡುವುದಾದರೆ ಈ ಪಟ್ಟಿ ಪರವಾಗಿಲ್ಲ. ಬಾಡಿಗೆದಾರರ ಬವಣೆಯನ್ನು ಅಧ್ಯಯನ ಮಾಡಲು ಅದನ್ನು ಬಳಸುವುದು ಅವರನ್ನು ಹೊರಗಿಟ್ಟು ಅವರ ಬಗ್ಗೆ ಬರೆದಂತೆ.

ಇನ್ನು ಮನೆಗಳ ಪಟ್ಟಿ. ಮೂವತ್ತು ನಲವತ್ತರ ಒಂದು ಸೈಟಿನಲ್ಲಿ ನೆಲಮಹಡಿಯಲ್ಲಿ ಮಾಲೀಕರು, ಮೊದಲ ಮಹಡಿಯಲ್ಲಿ ಎರಡು ಸಂಸಾರ, ಎರಡನೆಯದರಲ್ಲಿ ಮತ್ತೆರಡು, ಟೆರೇಸಿನ ಸಿಂಟೆಕ್ಸ್ ಟ್ಯಾಂಕಿನ ಪಕ್ಕದ ಸಿಂಗಲ್ ರೂಮಿನಲ್ಲಿ ಮೂವರು ಹುಡುಗರು ಇರುತ್ತಾರೆ, ಡೋರ್ ನಂಬರ್ ಮಾತ್ರ ಒಂದೇ. ಆಸ್ತಿ ತೆರಿಗೆಯ ದಾಖಲೆಯಲ್ಲಿ ಇದು ಒಂದು ಸ್ವತ್ತು. ಸಮೀಕ್ಷೆಗೆ ಹೊಸದಾಗಿ ಸೇರಿದ ಹುಡುಗಿಯರಿಗೆ ನಾನು ಕಲಿಸುವ ಮೊದಲ ಪಾಠ ಗೇಟು ತೆರೆದ ಕೂಡಲೇ ಕಾಲಿಂಗ್ ಬೆಲ್ ಒತ್ತದೆ, ಮೆಟ್ಟಿಲ ಕೆಳಗೆ ಅಥವಾ ಪೋರ್ಟಿಕೋದ ಗೋಡೆಯಲ್ಲಿ ಸಾಲಾಗಿರುವ ವಿದ್ಯುತ್ ಮೀಟರುಗಳನ್ನು ಎಣಿಸುವುದು. ಐದು ಮೀಟರ್ ಇದ್ದರೆ, ಒಂದು ಮೋಟಾರಿನದೆಂದು ಬಿಟ್ಟರೂ, ಅಲ್ಲಿ ನಾಲ್ಕು ಒಲೆಗಳಿವೆ. ಸಿಂಗಲ್ ರೂಮಿಗೆ ಪ್ರತ್ಯೇಕ ಮೀಟರ್ ಇರುವುದಿಲ್ಲ, ಅದಕ್ಕಾಗಿ ಟೆರೇಸಿನವರೆಗೂ ಹತ್ತಲೇಬೇಕು. 2025ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಗಳನ್ನು ಗುರುತಿಸುವಾಗಲೂ ಮೀಟರ್ ರೀಡರುಗಳನ್ನೇ ಬಳಸಿ, ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆಯ ಆಧಾರದ ಮೇಲೆ ಬಾಗಿಲುಗಳಿಗೆ ಚೀಟಿ ಅಂಟಿಸಿದರು. ಬುದ್ಧಿವಂತ ಉಪಾಯವೇ ಸರಿ. ಮೀಟರ್ ಇಲ್ಲದ ಶೆಡ್ಡುಗಳು, ಕಟ್ಟುತ್ತಿರುವ ಕಟ್ಟಡದೊಳಗೇ ತಾತ್ಕಾಲಿಕವಾಗಿ ವಾಸವಿರುವ ರಾಯಚೂರು, ಯಾದಗಿರಿ ಕಡೆಯ ಕುಟುಂಬಗಳು, ಒಂದೇ ಮೀಟರಿನ ಪಿ.ಜಿ.ಯಲ್ಲಿರುವ ಅರವತ್ತು ಮಂದಿ, ಇವರನ್ನು ಬೇರೆಯಾಗಿ ಹುಡುಕಬೇಕಾಗುತ್ತದೆ.

ಪಟ್ಟಿ ಇದ್ದಾಗ ಎಲ್ಲರೂ ಇಷ್ಟಪಡುವುದು ಕ್ರಮಬದ್ಧ ಮಾದರಿಯನ್ನು. ಮೊದಲ ಮನೆಯನ್ನು ಯಾದೃಚ್ಛಿಕವಾಗಿ ಆರಿಸಿ, ಅಲ್ಲಿಂದ ಪ್ರತಿ ಹತ್ತನೆಯ ಮನೆಗೆ ಹೋಗುವುದು ಸುಲಭ, ಹುಡುಗರು ದಾರಿ ತಪ್ಪುವುದಿಲ್ಲ, ಸಂಜೆ ಪರಿಶೀಲಿಸುವುದೂ ಸುಲಭ. ಇದರಲ್ಲಿರುವ ತೊಡಕು ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ, ಬಿ.ಡಿ.ಎ. ಬಡಾವಣೆಯಲ್ಲಿ ಕಣ್ಣಿಗೆ ಕಾಣುತ್ತದೆ. ಎರಡು ಕ್ರಾಸುಗಳ ನಡುವಿನ ಒಂದು ಸಾಲಿನಲ್ಲಿ ಸರಿಯಾಗಿ ಹತ್ತು ಸೈಟುಗಳಿವೆ ಎಂದುಕೊಳ್ಳಿ. ನಮ್ಮ ಚೀಟಿಯಲ್ಲಿ 1 ಬಂದರೆ ನಾವು ಹೋಗುವ ಮನೆಗಳು 1, 11, 21, 31, ಅಂದರೆ ಪ್ರತಿಯೊಂದೂ ಕಾರ್ನರ್ ಸೈಟು. ಕಾರ್ನರ್ ಸೈಟು ದೊಡ್ಡದು, ಅದರ ಬೆಲೆ ಹೆಚ್ಚು, ನೆಲಮಹಡಿಯಲ್ಲಿ ಅಂಗಡಿಯೋ ಕ್ಲಿನಿಕ್ಕೋ ಇರುತ್ತದೆ, ಬಾಡಿಗೆ ವರಮಾನ ಚೆನ್ನಾಗಿರುತ್ತದೆ. 5 ಬಂದರೆ ನಡುವಿನ ಮನೆಗಳೇ ಸಿಕ್ಕಿ, ಕಾರ್ನರಿನವರು ಒಬ್ಬರೂ ಇರುವುದಿಲ್ಲ. ಸಾಲಿನ ಅಳತೆಗೂ ನಮ್ಮ ಹೆಜ್ಜೆಗೂ ತಾಳೆಯಾಗದಂತೆ ಒಂಬತ್ತೋ ಹನ್ನೊಂದೋ ಹೆಜ್ಜೆ ಇಟ್ಟುಕೊಂಡರೆ ಈ ತೊಂದರೆ ತಪ್ಪುತ್ತದೆ. ಆದರೆ ಹಾಗೆ ಮಾಡಲು ಬಡಾವಣೆಯನ್ನು ಮೊದಲು ಒಮ್ಮೆ ನಡೆದು ನೋಡಿರಬೇಕು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕೆಂಬ ಮಾತನ್ನು ಮಾದರಿಯ ಪಾಠದಲ್ಲಿ ಹೇಳದ ಮೇಷ್ಟ್ರಿಲ್ಲ. ಒಂದೇ ಪಾತ್ರೆ, ಒಂದೇ ಉರಿಯಾದ್ದರಿಂದ ಆ ಮಾತು ಅಲ್ಲಿ ನಿಲ್ಲುತ್ತದೆ. ನೀರಿನ ವಿಷಯವಾಗಿ ಬೆಂಗಳೂರಿನ ಮನೆಗಳನ್ನು ಕೇಳಲು ಹೊರಟರೆ ಒಂದೇ ಊರಿನಲ್ಲಿ ಮೂರು ನಾಲ್ಕು ಊರುಗಳು ಕಾಣುತ್ತವೆ: ಹಿಂದಿನಿಂದಲೂ ಕಾವೇರಿ ನೀರು ಬರುವ ಹಳೆಯ ಬಡಾವಣೆಗಳು, ಬೋರ್‌ವೆಲ್ ನಂಬಿದ ಬಡಾವಣೆಗಳು, ಟ್ಯಾಂಕರಿಲ್ಲದೆ ದಿನ ನಡೆಯದ ಅಪಾರ್ಟ್‌ಮೆಂಟುಗಳು, ಬೀದಿ ನಲ್ಲಿಯ ಮುಂದೆ ಕೊಡ ಸಾಲಿಡುವ ಕೊಳೆಗೇರಿಗಳು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆಗೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ, ಅದೇ ವರ್ಷದ ಬೇಸಿಗೆಯಲ್ಲಿ ಊರು ಹನಿ ನೀರಿಗೂ ಪರದಾಡಿದ ಮೇಲೆ. ಇಂಥಲ್ಲಿ ಇಡೀ ನಗರದಿಂದ ಒಂದೇ ಬುಟ್ಟಿಯಲ್ಲಿ ಚೀಟಿ ಎತ್ತಿದರೆ, ನಮಗೆ ಬೇಕಾದ ಟ್ಯಾಂಕರ್ ಮನೆಗಳೂ ಬೀದಿ ನಲ್ಲಿಯ ಮನೆಗಳೂ ಬೆರಳೆಣಿಕೆಯಷ್ಟೇ ಬಂದು, ಅವರ ಬಗ್ಗೆ ಏನನ್ನೂ ಹೇಳಲಾಗದೆ ಹೋಗಬಹುದು. ನೀರಿನ ಮೂಲವನ್ನು ಆಧರಿಸಿ ಊರನ್ನು ಮೊದಲೇ ಸ್ತರಗಳಾಗಿ ವಿಂಗಡಿಸಿ, ಪ್ರತಿ ಸ್ತರದಿಂದಲೂ ಪ್ರತ್ಯೇಕವಾಗಿ ಯಾದೃಚ್ಛಿಕ ಆಯ್ಕೆ ಮಾಡುವುದು ಸ್ತರಿತ ಮಾದರಿ. ಯಾವ ಸ್ತರದೊಳಗೆ ವ್ಯತ್ಯಾಸ ಹೆಚ್ಚೋ ಅಲ್ಲಿಂದ ಹೆಚ್ಚು ಮಂದಿಯನ್ನು ತೆಗೆಯಬೇಕೆಂಬ ಲೆಕ್ಕವನ್ನು ಯೆರ್ಜಿ ನೇಮನ್ 1934ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಚಿಕ್ಕ ಸ್ತರದಿಂದ ಬೇಕೆಂದೇ ಹೆಚ್ಚು ಜನರನ್ನು ತೆಗೆದಿದ್ದರೆ ಇಡೀ ನಗರದ ಸರಾಸರಿ ಹೇಳುವಾಗ ಅವರ ತೂಕವನ್ನು, ಅಂದರೆ ಲೆಕ್ಕದಲ್ಲಿ ಅವರ ಉತ್ತರಗಳಿಗೆ ಸಿಗುವ ಪಾಲನ್ನು, ಇಳಿಸಬೇಕು. ಪ್ರಬಂಧಗಳಲ್ಲಿ ಈ ಕೊನೆಯ ಹೆಜ್ಜೆಯನ್ನೇ ಬಿಟ್ಟಿರುತ್ತಾರೆ. ಸ್ತರ ಮಾಡಿದ್ದಷ್ಟು ನೆನಪಿರುತ್ತದೆ.

ಇಡೀ ನಗರಕ್ಕೆ ಮನೆಪಟ್ಟಿ ಮಾಡುವುದು ಒಬ್ಬ ವಿದ್ಯಾರ್ಥಿಯಿಂದ ಆಗುವ ಮಾತಲ್ಲ. ದೊಡ್ಡ ಸಮೀಕ್ಷೆಗಳೂ ಹಾಗೆ ಮಾಡುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಅಂದರೆ 2019–21ರಲ್ಲಿ, ದೇಶದ ಸುಮಾರು 6.37 ಲಕ್ಷ ಕುಟುಂಬಗಳನ್ನು ಸಂದರ್ಶಿಸಿದರು. ಆದರೆ ಮೊದಲು ಆರಿಸಿದ್ದು ಹಳ್ಳಿಗಳನ್ನು ಮತ್ತು ನಗರದ ಗಣತಿ ಬ್ಲಾಕುಗಳನ್ನು. ಹೀಗೆ ಆಯ್ದ ಪ್ರತಿ ಜಾಗಕ್ಕೂ ಹೋಗಿ ಅಲ್ಲಿನ ಮನೆಗಳ ಪಟ್ಟಿಯನ್ನು ಹೊಸದಾಗಿ ಮಾಡಿ, ಅದರಿಂದ 22 ಮನೆಗಳನ್ನು ಆರಿಸಿದರು. ಹಳೆಯ ಗಣತಿಯನ್ನು ಜಾಗ ಆರಿಸಲು ಮಾತ್ರ ಬಳಸಿ, ಜನರನ್ನು ಆರಿಸಲು ಆವತ್ತಿನ ಪಟ್ಟಿಯನ್ನು ಬಳಸುವ ಈ ಎರಡು ಹಂತದ ಕ್ರಮವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಒಂದು ಬ್ಲಾಕಿನ ನೂರೋ ನೂರೈವತ್ತೋ ಮನೆಗಳನ್ನು ಇಬ್ಬರು ಸೇರಿದರೆ ಬೇಗ ಪಟ್ಟಿ ಮಾಡಬಹುದು.

ಇಲ್ಲೊಂದು ಸೊಗಸಾದ ಲೆಕ್ಕವಿದೆ. 60,000 ಜನರ ವಾರ್ಡು, 20,000 ಜನರ ವಾರ್ಡು ಎರಡೂ ನಮ್ಮ ಪಟ್ಟಿಯಲ್ಲಿವೆ. ಜನಸಂಖ್ಯೆಗೆ ಅನುಗುಣವಾಗಿ ವಾರ್ಡನ್ನು ಆರಿಸುವಾಗ ದೊಡ್ಡದಕ್ಕೆ ಮೂರು ಪಟ್ಟು ಅವಕಾಶ ಕೊಡುತ್ತೇವೆ. ಆಮೇಲೆ ಯಾವ ವಾರ್ಡು ಬಂದರೂ ಅದರಿಂದ ಅಷ್ಟೇ ಸಂಖ್ಯೆಯ ಜನರನ್ನು, ಉದಾಹರಣೆಗೆ ಇಪ್ಪತ್ತು ಮಂದಿಯನ್ನು, ತೆಗೆಯುತ್ತೇವೆ. ವಾರ್ಡಿನೊಳಗೆ ಒಬ್ಬ ವ್ಯಕ್ತಿ ಆಯ್ಕೆಯಾಗುವ ಅವಕಾಶ ದೊಡ್ಡ ವಾರ್ಡಿನಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಯುವುದರಿಂದ, ಮೊದಲ ಹಂತದ ಹೆಚ್ಚಳ ಎರಡನೆಯ ಹಂತದಲ್ಲಿ ಚುಕ್ತಾ ಆಗಿ, ಎರಡೂ ವಾರ್ಡಿನ ವ್ಯಕ್ತಿಗಳ ಒಟ್ಟು ಅವಕಾಶ ಒಂದೇ ಆಗುತ್ತದೆ. ಲಸಿಕೆ ಎಷ್ಟು ಮಕ್ಕಳಿಗೆ ತಲುಪಿದೆ ಎಂದು ನೋಡಲು ವಿಶ್ವ ಆರೋಗ್ಯ ಸಂಸ್ಥೆ ಬಳಕೆಗೆ ತಂದ 30 ಗುಚ್ಛ (ಕ್ಲಸ್ಟರ್, ಅಂದರೆ ಒಂದೇ ಜಾಗದವರ ಗುಂಪು), ಗುಚ್ಛಕ್ಕೆ 7 ಮಕ್ಕಳು ಎಂಬ ವಿಧಾನದ ಹಿಂದಿರುವುದೂ ಇದೇ ತರ್ಕ. ಸಮುದಾಯ ವೈದ್ಯಶಾಸ್ತ್ರ ಓದುವವರಿಗೆ ಇದು ಚಿರಪರಿಚಿತ.

ಗುಚ್ಛ ಮಾದರಿಗೆ ತೆರಬೇಕಾದ ಬೆಲೆ ಇದೆ, ಮತ್ತು 384ರ ಭ್ರಮೆ ಒಡೆಯುವುದೂ ಇಲ್ಲಿಯೇ. ಆ ಸಂಖ್ಯೆ ಬರುವುದು ಶೇ. 95ರ ವಿಶ್ವಾಸ ಮಟ್ಟ, ಶೇ. 5ರ ದೋಷಮಿತಿ (ನೂರು ಸಲ ಮಾದರಿ ತೆಗೆದರೆ ಸುಮಾರು 95 ಸಲ ನಮ್ಮ ಅಂದಾಜು ನಿಜದಿಂದ ಐದು ಅಂಶದೊಳಗೇ ಇರಬೇಕು ಎಂಬುದು), ಅರ್ಧಕ್ಕರ್ಧ ಅನುಪಾತ ಎಂದಿಟ್ಟುಕೊಂಡಾಗ: 1.96ರ ವರ್ಗವನ್ನು 0.25ರಿಂದ ಗುಣಿಸಿ, 0.05ರ ವರ್ಗದಿಂದ ಭಾಗಿಸಿದರೆ 384.16. ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ ಸಾವಿರ ಜನರ ಸಮುದಾಯಕ್ಕೆ 278, ಹತ್ತು ಸಾವಿರಕ್ಕೆ 370, ಹತ್ತು ಲಕ್ಷಕ್ಕೆ 384 ಎಂದಿದೆ. ಊರು ಎಷ್ಟೇ ದೊಡ್ಡದಾದರೂ ಅದು ಅಲ್ಲಿಂದ ಮೇಲೇರುವುದಿಲ್ಲ. ಆದರೆ ಈ ಲೆಕ್ಕವೆಲ್ಲ ಸರಳ ಯಾದೃಚ್ಛಿಕ ಆಯ್ಕೆಗೆ ಹೇಳಿದ್ದು. ಒಂದೇ ಬೀದಿಯ ಇಪ್ಪತ್ತು ಮನೆಗಳು ಒಂದೇ ಟ್ಯಾಂಕರ್ ನೀರು ಕುಡಿಯುತ್ತವೆ, ಒಂದೇ ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುತ್ತವೆ; ಆದ್ದರಿಂದ ಇಪ್ಪತ್ತನೆಯ ಮನೆ ಮೊದಲನೆಯ ಮನೆಗಿಂತ ಹೊಸದೇನನ್ನೂ ಹೆಚ್ಚಾಗಿ ಹೇಳುವುದಿಲ್ಲ. ಗುಚ್ಛದೊಳಗಿನ ಹೋಲಿಕೆ (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಎಲ್ಲರೂ ಒಂದೇ) 0.05ರಷ್ಟೇ ಇದ್ದರೂ, ಗುಚ್ಛಕ್ಕೆ ಇಪ್ಪತ್ತು ಮನೆ ತೆಗೆದರೆ 1ಕ್ಕೆ 19 ಸಲ 0.05 ಕೂಡಿಸಿ 1.95 ಪಟ್ಟು ಮಾದರಿ ಬೇಕಾಗುತ್ತದೆ, ಅಂದರೆ 384ರ ಬದಲು ಸುಮಾರು 750. ಇದನ್ನು ಹೇಳಿದಾಗ ವಿದ್ಯಾರ್ಥಿಗಳ ಮುಖ ಬಾಡುತ್ತದೆ. ಬೀದಿಗಳನ್ನು ಹೆಚ್ಚಿಸಿ, ಬೀದಿಗೆ ಎಂಟೋ ಹತ್ತೋ ಮನೆ ಸಾಕು ಎಂದರೆ ಸ್ವಲ್ಪ ಚೇತರಿಸಿಕೊಳ್ಳುತ್ತಾರೆ.

ಆಯ್ಕೆಯನ್ನು ಕಾಗದದ ಮೇಲೆ ಎಷ್ಟೇ ಶುದ್ಧವಾಗಿ ಮಾಡಿದರೂ ಕೊನೆಗೆ ಅದನ್ನು ಜಾರಿಗೆ ತರುವುದು ಬಿಸಿಲಲ್ಲಿ ನಡೆಯುವ ಮನುಷ್ಯರು. ಮೈಸೂರು ರಸ್ತೆಯಲ್ಲಿ ಕೇಂದ್ರವಿರುವ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕೋಲ್ಕತ್ತದಲ್ಲಿ 1931ರಲ್ಲಿ ಕಟ್ಟಿದವರು ಪಿ. ಸಿ. ಮಹಲನೋಬಿಸ್, ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಬೆಳಗಿದ್ದು ಅಲ್ಲಿಯೇ. ಬಂಗಾಳದ ಸೆಣಬಿನ ಸಮೀಕ್ಷೆಗಳಲ್ಲಿ ಮಹಲನೋಬಿಸ್ ಒಂದೇ ಪ್ರದೇಶಕ್ಕೆ ಎರಡು ಸ್ವತಂತ್ರ ಮಾದರಿಗಳನ್ನು ತೆಗೆದು, ಬೇರೆ ಬೇರೆ ತಂಡಗಳಿಗೆ ವಹಿಸಿ, ಎರಡರ ಫಲಿತಾಂಶ ಎಷ್ಟು ದೂರವಿದೆ ಎಂದು ನೋಡುತ್ತಿದ್ದರು. ಆ ದೂರದಲ್ಲಿ ತಂಡದ ಕೈವಾಡವೂ ಅಳತೆಗೆ ಸಿಗುತ್ತಿತ್ತು. 1940ರ ದಶಕದಲ್ಲಿ ಬೆಳೆ ಕಟಾವು ಪ್ರಯೋಗಗಳನ್ನು ಪರಿಶೀಲಿಸಿದ ಪಿ. ವಿ. ಸುಖಾತ್ಮೆ, ಗದ್ದೆಯಲ್ಲಿ ಗುರುತು ಹಾಕಿದ ತುಂಡು ಚಿಕ್ಕದಾದಷ್ಟೂ ಇಳುವರಿಯ ಅಂದಾಜು ಉಬ್ಬುತ್ತದೆ ಎಂದು ತೋರಿಸಿದರು. ಗೆರೆಯ ಮೇಲೆ ನಿಂತ ಗಿಡವನ್ನು ಕೊಯ್ಯುವವರು ಒಳಗೇ ಸೇರಿಸಿಕೊಳ್ಳುತ್ತಾರೆ. ತುಂಡು ಚಿಕ್ಕದಾದಾಗ ಒಳಗಿನ ಗಿಡಗಳಿಗೆ ಹೋಲಿಸಿದರೆ ಗೆರೆಯ ಗಿಡಗಳ ಪಾಲು ದೊಡ್ಡದಾಗುತ್ತದೆ. ಮೋಸ ಮಾಡಬೇಕೆಂದು ಯಾರೂ ಹೊರಟಿರುವುದಿಲ್ಲ.

ನಗರದಲ್ಲಿ ಆ ಗೆರೆಯ ಗಿಡಗಳು ಬೇರೆ ರೂಪದಲ್ಲಿರುತ್ತವೆ. ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿ, ‘ನಾಯಿ ಇದೆ ಎಚ್ಚರಿಕೆ’ ಎಂಬ ಫಲಕದ ಗೇಟು, ಸೆಕ್ಯುರಿಟಿಯವರು ಒಳಗೆ ಬಿಡದ ಗೇಟೆಡ್ ಕಮ್ಯುನಿಟಿ ಇವೆಲ್ಲ ದಿನದ ಕೊನೆಗೆ ಹೇಗೋ ಮಾದರಿಯಿಂದ ಜಾರಿಹೋಗಿರುತ್ತವೆ. ಒಳಗೆ ಬಿಟ್ಟ ಮನೆಯವರೂ ನಮ್ಮನ್ನು ಬೇರೆಡೆಗೆ ಸಾಗಹಾಕಲು ನೋಡುತ್ತಾರೆ. “ಏನಮ್ಮಾ, ಯಾವ ಸರ್ವೇನು? ನಮ್ಗೇನೂ ಗೊತ್ತಾಗಲ್ಲ ಕಣಮ್ಮ, ಮೇಲ್ಗಡೆ ಮನೇಲಿ ಟೀಚರ್ ಇದಾರೆ, ಅವ್ರನ್ನ ಕೇಳು, ಚೆನ್ನಾಗ್ ಮಾತಾಡ್ತಾರೆ” ಎಂದು ಆ ಅಜ್ಜಿ ಹೇಳುವುದು ಸೌಜನ್ಯದಿಂದಲೇ. “ಇಲ್ಲಜ್ಜೀ, ನಿಮ್ಮ ಮನೆ ನಂಬರೇ ಬಂದಿರೋದು, ನಿಮಗೆ ಗೊತ್ತಿರೋದಷ್ಟೇ ಹೇಳಿ ಸಾಕು” ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಕೊಳ್ಳುವ ಹುಡುಗಿ ನನ್ನ ಲೆಕ್ಕದಲ್ಲಿ ಎಷ್ಟೋ ಸೂತ್ರಗಳಿಗಿಂತ ಹೆಚ್ಚು ಬೆಲೆಯುಳ್ಳವಳು. ಒಪ್ಪದ ಮನೆಯ ಬದಲು ಪಕ್ಕದ ಮನೆ ಎಂಬ ನಿಯಮ ಇಟ್ಟುಕೊಂಡರೆ, ಹಗಲಿನಲ್ಲಿ ಮನೆಯಲ್ಲಿರುವವರು, ಮಾತಿಗೆ ಸಿಗುವವರು, ಬಿಡುವಿರುವವರು ತುಂಬಿಕೊಂಡು, ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗುವ ಮನೆಗಳು ಒಂದೊಂದಾಗಿ ಮಾಯವಾಗುತ್ತವೆ. ಬದಲಿ ಮನೆಯೇ ಇಲ್ಲ, ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಬೇಕು, ಅದರಲ್ಲೊಂದು ಭಾನುವಾರ ಆಗಿರಬೇಕು ಎಂಬುದು ನಾವು ಇಟ್ಟುಕೊಂಡಿರುವ ಕಟ್ಟಳೆ.

ಮನೆ ಸಿಕ್ಕಿದ ಮೇಲೂ ಆಯ್ಕೆ ಮುಗಿಯುವುದಿಲ್ಲ. ಬಾಗಿಲು ತೆರೆದವರನ್ನೇ ಕೇಳಿದರೆ ಬೆಳಿಗ್ಗೆ ಹನ್ನೊಂದಕ್ಕೆ ಸಿಗುವುದು ಗೃಹಿಣಿಯರು ಮತ್ತು ನಿವೃತ್ತರು. ಲೆಸ್ಲಿ ಕಿಶ್ 1949ರಲ್ಲಿ ಸೂಚಿಸಿದ ಕೋಷ್ಟಕವನ್ನು ಇಂದಿಗೂ ಬಳಸುತ್ತೇವೆ. ಈಗ ಅದು ಟ್ಯಾಬ್‌ನೊಳಗೇ ಇರುತ್ತದೆ. ಮನೆಯ ವಯಸ್ಕರನ್ನೆಲ್ಲ ಕ್ರಮವಾಗಿ ಬರೆದುಕೊಂಡರೆ, ಯಾರನ್ನು ಮಾತಾಡಿಸಬೇಕೆಂದು ಕೋಷ್ಟಕ ಹೇಳುತ್ತದೆ. ಒಬ್ಬರೇ ಇರುವ ಮನೆಯಲ್ಲಿ ಅವರು ಬರುವುದು ಖಚಿತ, ಐವರಿರುವ ಮನೆಯಲ್ಲಿ ಒಬ್ಬೊಬ್ಬರ ಅವಕಾಶ ಐದನೇ ಒಂದು. ವಿಶ್ಲೇಷಣೆಯಲ್ಲಿ ಎರಡನೆಯವರ ಉತ್ತರಕ್ಕೆ ಐದು ಪಟ್ಟು ತೂಕ ಕೊಡದಿದ್ದರೆ ಕೂಡುಕುಟುಂಬದವರ ದನಿ ಕುಗ್ಗುತ್ತದೆ.

ಪಟ್ಟಿ ಮಾಡಲು ಸಾಧ್ಯವೇ ಇಲ್ಲದ ಸಮುದಾಯಗಳೂ ಇವೆ. ಮನೆಗೆಲಸದವರು, ಲಿಂಗತ್ವ ಅಲ್ಪಸಂಖ್ಯಾತರು, ದಿನಗೂಲಿಗೆ ಬೆಳಗಿನ ಜಾವ ವೃತ್ತದಲ್ಲಿ ನಿಲ್ಲುವವರು ಯಾವ ದಾಖಲೆಯಲ್ಲೂ ಒಟ್ಟಾಗಿ ಸಿಗುವುದಿಲ್ಲ. ಒಬ್ಬರಿಂದ ಇನ್ನೊಬ್ಬರ ಪರಿಚಯ ಮಾಡಿಕೊಂಡು ಮುಂದುವರಿಯುವ ಸ್ನೋಬಾಲ್ ವಿಧಾನ ಇಲ್ಲಿ ಬಳಕೆಯಲ್ಲಿದೆ. ಅದರ ಮಿತಿಯೂ ಬೇಗ ಗೊತ್ತಾಗುತ್ತದೆ: ತಮಿಳು ಮಾತಾಡುವ ಒಬ್ಬ ಮನೆಗೆಲಸದ ಹೆಂಗಸಿನಿಂದ ಆರಂಭಿಸಿದರೆ ಸರಪಳಿ ಅದೇ ಭಾಷೆಯ ಅದೇ ಬೀದಿಯವರೊಳಗೆ ಸುತ್ತುತ್ತದೆ, ಎರಡು ರಸ್ತೆಯಾಚೆಗಿನ ಕಲಬುರಗಿಯ ಹೆಂಗಸರನ್ನು ಮುಟ್ಟುವುದೇ ಇಲ್ಲ. ಡಗ್ಲಸ್ ಹೆಕಥಾರ್ನ್ 1997ರಲ್ಲಿ ಇದಕ್ಕೊಂದು ತಿದ್ದುಪಡಿ ತಂದರು. ಪ್ರತಿಯೊಬ್ಬರಿಗೂ ಎಣಿಸಿದ ಕೆಲವೇ ಕೂಪನ್ನುಗಳನ್ನು, ಸಾಮಾನ್ಯವಾಗಿ ಮೂರನ್ನು ಮಾತ್ರ, ಕೊಟ್ಟು ಸರಪಳಿ ಉದ್ದವಾಗುವಂತೆ ನೋಡಿಕೊಳ್ಳುವುದು, ಪ್ರತಿಯೊಬ್ಬರಿಗೂ ಇಂಥ ಎಷ್ಟು ಜನ ಪರಿಚಯವೆಂದು ಕೇಳಿ, ಪರಿಚಯದ ಬಳಗ ದೊಡ್ಡದಾಗಿದ್ದವರ ತೂಕವನ್ನು ಅದಕ್ಕೆ ತಕ್ಕಂತೆ ಇಳಿಸುವುದು ಇದರ ತಿರುಳು. ಗಾರ್ಮೆಂಟ್ಸ್ ಕೆಲಸದವರಿಗೆ ನನಗೆ ಹಿಡಿಸುವುದು ಜಾಗ ಮತ್ತು ಹೊತ್ತಿನ ಪಟ್ಟಿ. ಕಾರ್ಖಾನೆಯ ಒಳಗೆ ಕೇಳಲು ಅನುಮತಿ ಸಿಗುವುದು ಕಷ್ಟ, ಸಿಕ್ಕರೂ ಸೂಪರ್‌ವೈಸರ್ ಕಣ್ಣೆದುರಿನ ಉತ್ತರ ಉತ್ತರವಲ್ಲ. ಬೊಮ್ಮನಹಳ್ಳಿಯಲ್ಲೋ ಮೈಸೂರು ರಸ್ತೆಯಲ್ಲೋ ಪಾಳಿ ಬಿಟ್ಟಾಗ ಅವರು ಬಸ್ಸಿಗೆ, ವ್ಯಾನಿಗೆ ಕಾಯುವ ಜಾಗಗಳನ್ನೂ ಹೊತ್ತುಗಳನ್ನೂ ಪಟ್ಟಿ ಮಾಡಿ, ಆ ಪಟ್ಟಿಯಿಂದ ಯಾದೃಚ್ಛಿಕವಾಗಿ ಆರಿಸಿ, ಆ ಹೊತ್ತಿಗೆ ಹೋಗಿ ಪ್ರತಿ ಐದನೆಯವರನ್ನು ಕೇಳಬಹುದು.

ಸಂಖ್ಯೆಯೇ ಬೇಡವಾದ ಅಧ್ಯಯನಗಳಿಗೆ ಈ ಪರಿಪಾಟಲೆಲ್ಲ ಅನಗತ್ಯ. ಪೌರಕಾರ್ಮಿಕರ ಕೆಲಸದ ಅನುಭವವನ್ನು ಅರಿಯಲು ಹದಿನೈದು ಇಪ್ಪತ್ತು ಮಂದಿಯೊಡನೆ ದೀರ್ಘವಾಗಿ ಮಾತಾಡುವವರು ಉದ್ದೇಶಪೂರ್ವಕವಾಗಿಯೇ ಆರಿಸಬೇಕು: ಹಳಬರು, ಹೊಸಬರು, ನೇರಪಾವತಿಯವರು, ಗುತ್ತಿಗೆಯವರು, ಕಸದ ಆಟೋದವರು, ರಸ್ತೆ ಗುಡಿಸುವವರು. ಹೊಸ ಸಂದರ್ಶನದಲ್ಲಿ ಹೊಸ ಮಾತು ಬರದಾದಾಗ ನಿಲ್ಲಿಸಬಹುದು. ಇದನ್ನು ಎರಡನೇ ದರ್ಜೆಯ ವಿಧಾನವೆಂದು ಕೀಳಾಗಿ ಕಾಣುವ ಗೈಡುಗಳ ಜೊತೆ ನನಗೆ ಒಪ್ಪಿಗೆಯಿಲ್ಲ. ಆದರೆ ಆರಿಸುವವರು ಸಂಶೋಧಕರೇ ಆಗಿರಬೇಕು. ಬೆಳಿಗ್ಗೆ ಹಾಜರಿ ಹಾಕುವ ಮಸ್ಟರಿಂಗ್ ಸೆಂಟರಿಗೆ ಹೋಗಿ ಮೇಸ್ತ್ರಿಯನ್ನು ಹತ್ತು ಜನರನ್ನು ಕಳಿಸಿ ಎಂದರೆ, ಅವರು ಕಳಿಸುವ ಹತ್ತು ಜನರಲ್ಲಿ ಒಬ್ಬರೂ ದೂರು ಹೇಳುವವರಿರುವುದಿಲ್ಲ. ಹಾಜರಿ ಪುಸ್ತಕವನ್ನು ಒಮ್ಮೆ ನೋಡಲು ಕೇಳಿ, ಹೆಸರುಗಳನ್ನು ನಾವೇ ಗುರುತಿಸಿಕೊಳ್ಳುವುದು ಒಳ್ಳೆಯದು.

ಗೂಗಲ್ ಫಾರ್ಮ್ ಕೊಂಡಿಯನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಕಳಿಸಿ ಉತ್ತರ ಕಲೆಹಾಕುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಅನುಕೂಲದ ಮಾದರಿ, ಹಾಗೆಂದು ಬರೆದರೆ ತಕರಾರಿಲ್ಲ, ಪ್ರಶ್ನಾವಳಿಯನ್ನು ಪರೀಕ್ಷಿಸಲು ಅದು ಸಾಕು. ಸಾವಿರಗಟ್ಟಲೆ ಉತ್ತರ ಬಂದಿದೆ ಎಂಬುದು ಅದಕ್ಕೆ ಸಮಜಾಯಿಷಿ ಆಗುವುದಿಲ್ಲ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಪತ್ರ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆಂದಿತು. ಗೆದ್ದವರು ರೂಸ್‌ವೆಲ್ಟ್, ಅದೂ ಭಾರಿ ಅಂತರದಿಂದ. ದೂರವಾಣಿ ಮತ್ತು ಕಾರು ನೋಂದಣಿಯ ಪಟ್ಟಿಗಳಲ್ಲಿ ಬಡವರು ಇರಲಿಲ್ಲ ಎಂಬುದು ಒಂದು ಕಾರಣವಾದರೆ, ಉತ್ತರಿಸಿದವರಿಗೂ ಉತ್ತರಿಸದ ಮುಕ್ಕಾಲು ಪಾಲು ಜನರಿಗೂ ಇದ್ದ ಭೇದ ಇನ್ನೊಂದು ಕಾರಣ. ಆಗ ಅದನ್ನು ಸರಿಯಾಗಿ ಊಹಿಸಿದವರಲ್ಲಿ ಗ್ಯಾಲಪ್ ಸಂಸ್ಥೆಯೂ ಒಂದು. ವಯಸ್ಸು, ಲಿಂಗ, ವರಮಾನಕ್ಕೆ ತಕ್ಕಂತೆ ಕೋಟಾ ತುಂಬಿಸುವ ಅವರ ವಿಧಾನ 1948ರಲ್ಲಿ ಟ್ರೂಮನ್ ಗೆದ್ದಾಗ ಮುಗ್ಗರಿಸಿತು. ಕೋಟಾದೊಳಗೆ ಯಾರನ್ನು ಕೇಳಬೇಕೆಂಬುದನ್ನು ಸಂದರ್ಶಕರಿಗೇ ಬಿಟ್ಟಿದ್ದರು.

ಹಾಗಾಗಿ ನನ್ನ ಬಳಿ ಬಂದವರಿಗೆ ಮೂರನೆಯ ಅಧ್ಯಾಯದ ಆ ಒಂದು ವಾಕ್ಯದ ಬದಲು ಒಂದು ಪುಟ ಬರೆಯಲು ಹೇಳುತ್ತೇನೆ. ಅಧ್ಯಯನದ ಸಮುದಾಯ ಯಾವುದು, ಬಳಸಿದ ಪಟ್ಟಿ ಯಾವುದು, ಅದರ ದಿನಾಂಕವೇನು, ಅದರಿಂದ ಯಾರು ಹೊರಗುಳಿದಿದ್ದಾರೆಂದು ತಿಳಿದಿದೆ, ಬ್ಲಾಕುಗಳನ್ನೂ ಮನೆಗಳನ್ನೂ ವ್ಯಕ್ತಿಗಳನ್ನೂ ಯಾವ ನಿಯಮದಿಂದ ಆರಿಸಲಾಯಿತು, ಎಷ್ಟು ಮನೆಗಳಿಗೆ ಹೋದರು, ಎಷ್ಟು ಬೀಗ, ಎಷ್ಟು ನಿರಾಕರಣೆ, ಎಷ್ಟು ಅರ್ಧಕ್ಕೆ ನಿಂತವು, ತೂಕವನ್ನು ಹೇಗೆ ಲೆಕ್ಕ ಹಾಕಲಾಯಿತು. ನಿರಾಕರಣೆಯ ಸಂಖ್ಯೆಯನ್ನು ಬರೆದರೆ ವೈವಾದಲ್ಲಿ ಸಿಕ್ಕಿಬೀಳುತ್ತೇವೆಂಬ ಭಯ ಹಲವರಿಗಿದೆ. ನಾನು ಕಂಡ ಮಟ್ಟಿಗೆ ಒಳ್ಳೆಯ ಪರೀಕ್ಷಕರು ಮೊದಲು ಹುಡುಕುವುದೇ ಆ ಸಂಖ್ಯೆಯನ್ನು. ಬೆಂಗಳೂರಿನಂಥ ಊರಿನಲ್ಲಿ 400 ಮನೆಗೆ ಹೋಗಿ 400 ಸಂದರ್ಶನ ಮುಗಿಸಿದೆವೆಂದು ಬರೆದ ಪ್ರಬಂಧ ಎದುರಿಗೆ ಬಂದಾಗ ಅವರು ಕೇಳುವ ಮುಂದಿನ ಪ್ರಶ್ನೆಗೆ ವಿದ್ಯಾರ್ಥಿಯ ಬಳಿ ಉತ್ತರವಿರುವುದಿಲ್ಲ.